ಸಂಜೆಗೆ ಬೇಕಾದಷ್ಟು ಕರೆಂಟು

ಊರಿಗೆ ಕರೆಂಟು ಹಂಚುವ ದೊಡ್ಡ ಯಂತ್ರವೊಂದು ಸುಟ್ಟುಹೋಗಿದೆಯಂತೆ, ಹೊಸದು ಬಂದು ಕೂರುವವರೆಗೆ ಬಡಾವಣೆಗೊಂದು ಹೊತ್ತಿನಂತೆ ಕರೆಂಟು ತೆಗೆಯುತ್ತಾರಂತೆ ಎಂಬ ಸುದ್ದಿ ಮೊದಲು ಬಾಯಿಂದ ಬಾಯಿಗೆ ಬಂತು. ಆಮೇಲೆ ಕಟ್ಟಡದ ಬಾಗಿಲಿಗೆ ಚೀಟಿಯೂ ಬಿತ್ತು. ಈ ಬಡಾವಣೆಯ ಪಾಲಿಗೆ ಬಂದದ್ದು ಸಂಜೆ. ಬರುವ ತಿಂಗಳಿಂದ ಆರರಿಂದ ಹತ್ತರವರೆಗೆ ಕರೆಂಟಿಲ್ಲ.

"ಬೆಳಿಗ್ಗೆ ತೆಗೆದಿದ್ರೆ ಇವರಪ್ಪನ ಗಂಟೇನು ಹೋಗ್ತಿತ್ತು?" ಎಂದು ಅತ್ತೆ ಮೂರು ಮಹಡಿ ಹತ್ತುವವರೆಗೂ ಗೊಣಗಿದರು. ಬಸ್ ನಿಲ್ದಾಣದ ಟಿಕೆಟ್ ಕಿಟಕಿಯಲ್ಲಿ ಕೂತು ನಿವೃತ್ತರಾದವರು ಅವರು. ಗೊಣಗುವ ಜನರನ್ನು ಜೀವನಪೂರ್ತಿ ಕಂಡಿದ್ದರಿಂದ ಈಗ ತಮ್ಮ ಸರದಿ ಎಂದು ತಿಳಿದಿದ್ದರು.

"ಬ್ಯಾಟರಿ ಹಾಕಿಸೋಣ ಬಿಡಮ್ಮ," ಎಂದ ಮಗ. ಅವನು ಬೇಕರಿಯಲ್ಲಿ ಒಲೆಯ ಮುಂದೆ ನಿಲ್ಲುವವನು. ಊರು ಏಳುವ ಮುಂಚೆ ಬ್ರೆಡ್ಡು ಬೇಯಬೇಕಾದ್ದರಿಂದ ಸಂಜೆಯಾಗುತ್ತಲೇ ಮಲಗಿಬಿಡುತ್ತಿದ್ದ. ಫ್ಯಾನು ತಿರುಗದಿದ್ದರೆ ಅವನಿಗೆ ನಿದ್ದೆಯಿಲ್ಲ.

"ಎಷ್ಟು ದೊಡ್ಡ ಬ್ಯಾಟರಿ?" ಎಂದು ಅವನ ಹೆಂಡತಿ ಕೇಳಿದಳು.

"ಮನೆಗೆ ಸಾಕಾಗೋವಷ್ಟು."

"ಮನೆಗೆ ಎಷ್ಟು ಸಾಕು?"

ಅವನಿಗೆ ಗೊತ್ತಿರಲಿಲ್ಲ. ಹೆಂಡತಿಯ ತಲೆಯಲ್ಲಿ ಒಂದು ಪ್ರಶ್ನೆ ಬಂದು ಕೂತರೆ ಅದು ಸುಮ್ಮನೆ ಎದ್ದು ಹೋಗುವುದಿಲ್ಲ ಎಂಬುದು ಮಾತ್ರ ಮದುವೆಯಾದ ಒಂದು ವರ್ಷದಲ್ಲಿ ತಿಳಿದಿತ್ತು.

ಆಕೆ ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಗಾಜನ್ನು ಉಜ್ಜಿ ಚೌಕಟ್ಟಿಗೆ ಕೂರಿಸುವ ಕೆಲಸದವಳು. ಕೂದಲೆಳೆಯಷ್ಟು ಹೆಚ್ಚು ಉಜ್ಜಿದರೆ ಗಾಜು ಸಡಿಲ, ಕಡಿಮೆ ಉಜ್ಜಿದರೆ ಚೌಕಟ್ಟು ಬಿರುಕು. 'ಸುಮಾರು' ಎಂಬ ಮಾತು ಆಕೆಗೆ ಕೈಗೆ ಅಂಟಿದ ಗೋಂದಿನ ಹಾಗೆ, ತೊಳೆದುಕೊಳ್ಳುವ ತನಕ ಸಮಾಧಾನವಿಲ್ಲ.

ಬ್ಯಾಟರಿ ಅಂಗಡಿಯವನು ದಪ್ಪ ಮನುಷ್ಯ. ಮಾತಿಗೊಂದು ನಗು.

"ಎಷ್ಟು ರೂಮು ಮೇಡಂ?"

"ಎರಡು."

"ಹಾಗಾದ್ರೆ ಕಣ್ಣು ಮುಚ್ಕೊಂಡು ಇದನ್ನ ತಗೊಂಡ್ಹೋಗಿ," ಎಂದು ಸೊಂಟದೆತ್ತರದ ಒಂದು ಪೆಟ್ಟಿಗೆಯ ನೆತ್ತಿ ತಟ್ಟಿದ.

"ನಮ್ಮ ಅಂಗಡಿಗೆ ಬಂದೋರಿಗೆ ನಾವು ಎಷ್ಟು ರೂಮಿನ ಮನೆ ಅಂತ ಕೇಳಿ ಕನ್ನಡಕ ಕೊಡಲ್ಲ," ಎಂದಳು ಆಕೆ. "ಕಣ್ಣು ನೋಡಿ ಕೊಡ್ತೀವಿ."

ಅವನು ಹೊಟ್ಟೆ ಕುಲುಕುವಂತೆ ನಕ್ಕ. ಆಮೇಲೆ ಸ್ಟೂಲು ಎಳೆದು ಕೂರಿಸಿ ಬಿಡಿಸಿ ಹೇಳಿದ. "ನೋಡಿ, ವ್ಯಾಟ್ ಅಂದ್ರೆ ನಲ್ಲಿಯಿಂದ ನೀರು ಎಷ್ಟು ಜೋರಾಗಿ ಬೀಳುತ್ತೆ ಅಂತ. ಎಷ್ಟು ಗಂಟೆ ಬಿಟ್ಟಿರ್ತೀರಿ ಅಂತ ನೀವು ಹೇಳ್ಬೇಕು. ಎರಡನ್ನೂ ಗುಣಿಸಿದ್ರೆ ಬಕೆಟ್ ಎಷ್ಟು ದೊಡ್ಡದು ಬೇಕು ಅಂತ ಗೊತ್ತಾಗುತ್ತೆ. ಅದರ ಮೇಲೆ ಸ್ವಲ್ಪ ಜಾಸ್ತಿ ಇಟ್ಕೋಬೇಕು. ದಾರೀಲಿ ಒಂಚೂರು ಸೋರುತ್ತೆ, ತಳ ಕಾಣೋವರೆಗೂ ಮೊಗೆದ್ರೆ ಬ್ಯಾಟರಿ ಬೇಗ ಹಾಳಾಗುತ್ತೆ."

"ನಲ್ಲಿ ಎಷ್ಟು ಜೋರು ಅಂತ ಹೇಗೆ ತಿಳ್ಕೊಳ್ಳೋದು?"

"ಸಾಮಾನಿನ ಬೆನ್ನ ಮೇಲೆ ಬರೆದಿರ್ತಾರೆ. ಆದ್ರೆ ಅದು ಹೆಚ್ಚು ಅಂದ್ರೆ ಎಷ್ಟು ಅಂತ."

"ನಿಜವಾಗಿ ಎಷ್ಟು ಅಂತ ಬೇಕಲ್ಲ?"

ಅಂಗಡಿಯವನು ಆಕೆಯ ಮುಖವನ್ನೊಮ್ಮೆ ನೋಡಿ, ಈ ಗಿರಾಕಿ ಇಷ್ಟಕ್ಕೆ ಏಳುವುದಿಲ್ಲ ಎಂದುಕೊಂಡನೋ ಏನೋ, ಡ್ರಾಯರಿನಿಂದ ಅಂಗೈಯಷ್ಟು ದೊಡ್ಡದಾದ ಒಂದು ಮೀಟರು ತೆಗೆದ. ಅದನ್ನು ಗೋಡೆಯ ಸಾಕೆಟ್ಟಿಗೆ ಚುಚ್ಚಿ, ಅದಕ್ಕೆ ಮನೆಯ ಸಾಮಾನು ಚುಚ್ಚಬೇಕು. ಎಷ್ಟು ಎಳೆಯುತ್ತಿದೆ, ಎಷ್ಟು ಹೊತ್ತಿನಿಂದ ಎಳೆಯುತ್ತಿದೆ ಎಂದು ಪುಟ್ಟ ಪರದೆಯಲ್ಲಿ ತೋರಿಸುತ್ತದೆ. "ವಾಪಸ್ ತಂದ್ಕೊಡಿ ಮತ್ತೆ. ನನ್ನ ಹತ್ರ ಇರೋದು ಇದೊಂದೇ," ಎಂದ.

ಆಕೆ ಆ ವಾರ ಜೊತೆಗೆಲಸದವಳ ಹತ್ತಿರ ಪಾಳಿ ಬದಲಾಯಿಸಿಕೊಂಡಳು. ಸಾಮಾನ್ಯವಾಗಿ ಮನೆಗೆ ಬರುವಾಗ ಒಂಬತ್ತು ದಾಟುತ್ತಿತ್ತು. ಈಗ ಮಧ್ಯಾಹ್ನಕ್ಕೇ ಬಂದು, ಮನೆಯ ಸಂಜೆ ಹೇಗಿರುತ್ತದೆ ಎಂದು ಮೊದಲ ಬಾರಿಗೆ ಕೂತು ನೋಡಿದಳು. ಗಾಜಿನ ಮೇಲೆ ಗುರುತು ಹಾಕುವ ಹಳದಿ ಮೇಣದ ಪೆನ್ಸಿಲು ಚೀಲದಲ್ಲೇ ಇರುತ್ತಿತ್ತು. ಅದರಿಂದ ಅಡುಗೆಮನೆಯ ಕಿಟಕಿಯ ಗಾಜಿನ ಮೇಲೆ ಲೆಕ್ಕ ಬರೆಯುತ್ತ ಹೋದಳು.

ಒಂದೊಂದು ಸಾಮಾನೂ ಒಂದೊಂದು ಸ್ವಭಾವ ತೋರಿಸಿತು. ಮೂಲೆಯಲ್ಲಿ ಹಸಿರು ಚುಕ್ಕಿ ಮಿಣುಕಿಸುತ್ತ ಕೂತಿದ್ದ ಇಂಟರ್ನೆಟ್ ಡಬ್ಬಿ ಯಾರು ನೋಡಲಿ ಬಿಡಲಿ ಒಂದೇ ಸಮ ಹತ್ತು ವ್ಯಾಟ್ ಎಳೆಯುತ್ತಿತ್ತು. ಫೋನು ಖಾಲಿಯಾಗಿದ್ದಾಗ ಗಟಗಟ ಕುಡಿದು, ತುಂಬುತ್ತ ಬಂದಂತೆ ಗುಟುಕು ಗುಟುಕಾಗಿ ಹೀರುತ್ತಿತ್ತು. ಗಂಡ ಗೊರಕೆ ಹೊಡೆಯುತ್ತಿದ್ದಾಗ ಮಂಚದ ಕೆಳಗೆ ತೆವಳಿ ಹೋಗಿ ಟೇಬಲ್ ಫ್ಯಾನನ್ನೂ ಅಳೆದು ಬಂದಳು. ಫ್ರಿಜ್ಜಿನ ಚಿಂತೆ ಬೇಡ, ಪದೇ ಪದೇ ಬಾಗಿಲು ತೆಗೆಯದಿದ್ದರೆ ನಾಲ್ಕು ಗಂಟೆ ತಣ್ಣಗೇ ಇರುತ್ತದೆ ಎಂದು ಅಂಗಡಿಯವನು ಹೇಳಿದ್ದ. ಆದರೂ ಅದರೊಳಗೆ ಥರ್ಮಾಮೀಟರು ಇಟ್ಟು ಪರೀಕ್ಷೆ ಮಾಡಿದ ಮೇಲೇ ನಂಬಿದಳು.

ಸೆಟ್ ಟಾಪ್ ಬಾಕ್ಸ್ ಮಾತ್ರ ಆಕೆಯನ್ನು ದಂಗುಬಡಿಸಿತು. ರಿಮೋಟಿನಿಂದ ಆರಿಸಿದರೂ ಮೀಟರಿನ ಅಂಕಿ ಇಳಿಯಲೇ ಇಲ್ಲ.

"ಅತ್ತೆ, ಇಲ್ಲಿ ಬನ್ನಿ! ಇದು ಮಲಗಿಲ್ಲ, ಮಲಗಿದ ಹಾಗೆ ನಾಟಕ ಆಡ್ತಿದೆ!"

"ನನ್ನ ಮಗನೂ ಚಿಕ್ಕೋನಿದ್ದಾಗ ಹಂಗೇ ಮಾಡ್ತಿದ್ದ," ಎಂದರು ಅತ್ತೆ ಬಟ್ಟೆ ಮಡಚುತ್ತ.

ಕೊನೆಗೆ ಉಳಿದದ್ದು ಟಿವಿ. ಮನೆಯ ಉಳಿದ ಸಾಮಾನೆಲ್ಲ ಸೇರಿ ಎಷ್ಟು ಎಳೆಯುತ್ತಿದ್ದವೋ ಹೆಚ್ಚುಕಡಿಮೆ ಅಷ್ಟನ್ನು ಅದೊಂದೇ ಎಳೆಯುತ್ತಿತ್ತು. ಬಿಸಿಲಿನ ದೃಶ್ಯ ಬಂದರೆ ಅಂಕಿ ಏರುವುದು, ಕತ್ತಲ ದೃಶ್ಯಕ್ಕೆ ಇಳಿಯುವುದು. ಆಕೆ ಕಥೆ ಬಿಟ್ಟು ಮೀಟರನ್ನೇ ನೋಡುತ್ತ ಕೂತಳು.

"ಅತ್ತೆ, ನೀವು ಟಿವಿ ಎಷ್ಟು ಹೊತ್ತು ನೋಡ್ತೀರಾ?"

"ನಾನಾ? ಅರ್ಧ ಗಂಟೆ. ಸುದ್ದಿ ನೋಡಿದ್ರೆ ಮುಗೀತು."

ಆದರೆ ಮಾರನೆಯ ಸಂಜೆ ಮೀಟರು ಬೇರೆಯೇ ಹೇಳಿತು. ಟಿವಿ ಆರಕ್ಕೆ ಹತ್ತಿಕೊಂಡಿತು, ಒಂಬತ್ತಕ್ಕೆ ಆರಿತು. ನಡುವೆ ಒಂದು ನಿಮಿಷವೂ ಬಿಡುವಿಲ್ಲ. ಅತ್ತೆ ಮಾತ್ರ ಸುದ್ದಿ ಮುಗಿದ ಮೇಲೆ ಬಾಲ್ಕನಿಯಲ್ಲಿ ಕೂತಿದ್ದರು. ಖಾಲಿ ಕುರ್ಚಿಗಳ ಮುಂದೆ ಯಾವುದೋ ಧಾರಾವಾಹಿಯ ಮಂದಿ ಗಂಟಲು ಹರಿದುಕೊಂಡು ಅಳುತ್ತಿದ್ದರು. ಟಿವಿ ಇಟ್ಟಿದ್ದ ಜಾಗವೂ ವಿಚಿತ್ರವೇ. ಪಕ್ಕದ ಮನೆಯ ಗೋಡೆಗೆ ಬೆನ್ನು ಒತ್ತಿ ನಿಂತಿದ್ದ ಅದನ್ನು ನೋಡಬೇಕಾದರೆ ಕುತ್ತಿಗೆ ಸೊಟ್ಟ ಮಾಡಬೇಕಿತ್ತು.

"ಯಾರೂ ನೋಡ್ತಿಲ್ವಲ್ಲ ಅತ್ತೆ, ಆರಿಸ್ಲಾ?"

"ಇರ್ಲಿ ಬಿಡು. ಮನೇಲಿ ಸದ್ದಿರಬೇಕು."

ಆ ಉತ್ತರ ಆಕೆಗೆ ಸರಿಯಾಗಿ ಕೂರಲಿಲ್ಲ. ಅದರ ನಡುವೆಯೇ ಇನ್ನೊಂದು ಸಂಶಯ ಹುಟ್ಟಿತು. ಸದ್ದು ಜಾಸ್ತಿ ಮಾಡಿದರೆ ಕರೆಂಟು ಜಾಸ್ತಿ ಎಳೆಯುತ್ತದೆಯೇ? ರಿಮೋಟು ತೆಗೆದುಕೊಂಡು ಸದ್ದನ್ನು ಪೂರ್ತಿ ಇಳಿಸಿದಳು, ಅಂಕಿ ನೋಡಿದಳು. ಪೂರ್ತಿ ಏರಿಸಿದಳು. ಕಿಟಕಿಯ ಗಾಜು ಝುಮ್ಮೆಂದಿತು, ಮೀಟರಿನ ಅಂಕಿ ಮಾತ್ರ ಎರಡು ಮೂರು ಹೆಜ್ಜೆ ಮೇಲೆ ಹೋಗಿ ನಿಂತಿತು. "ಅಯ್ಯೋ, ಇಷ್ಟೇನಾ!" ಎಂದುಕೊಂಡು ಸದ್ದು ತಗ್ಗಿಸುತ್ತಿದ್ದಾಗ ಗೋಡೆಯ ಆಚೆಯಿಂದ ಢಬ್ ಢಬ್ ಎಂದು ಯಾರೋ ಬಡಿದರು.

ಅತ್ತೆ ಬಾಲ್ಕನಿಯಿಂದ ಓಡಿ ಬಂದು, ಆಕೆಯ ಕೈಯಿಂದ ರಿಮೋಟು ಕಸಿದು, ಸದ್ದನ್ನು ಮತ್ತೆ ಏರಿಸಿದರು.

"ಏನತ್ತೆ ಇದು?"

"ಆಕೆಗೆ ಕೇಳಿಸ್ತಿಲ್ವಂತೆ."

"ಯಾರಿಗೆ?"

ಇನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲವೆಂದು ಅತ್ತೆ ಕೂತು ಹೇಳಿದರು. ಪಕ್ಕದ ಮನೆಯಲ್ಲಿ ಒಬ್ಬರೇ ಇದ್ದವರು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸ ಮಾಡಿದ ಹೆಂಗಸು. ಇಡೀ ಕಟ್ಟಡ ಅವರನ್ನು ಟೆಲಿಫೋನ್ ಅಮ್ಮ ಎನ್ನುತ್ತಿತ್ತು. ಅವರ ಕಣ್ಣು ಮಂಜಾಗುತ್ತ ಬಂದು ಕೆಲವು ವರ್ಷಗಳ ಹಿಂದೆ ಪೂರ್ತಿ ಹೋಗಿತ್ತು.

"ಕಣ್ಣು ಹೋದ ಮೇಲೆ ಟಿವಿ ಯಾಕೆ ಅಂತ ಮಾರಿಬಿಟ್ಲು. ಅದು ಮೆಟ್ಟಿಲಿಳಿದು ಹೋಗೋದನ್ನ ನಾನೇ ನೋಡಿದೆ. ಮುದುಕಿ ಒಬ್ಬಳೇ, ಸಂಜೆ ಹೊತ್ತು ಏನು ಮಾಡ್ತಾಳೆ? ಅವತ್ತೇ ನಮ್ಮ ಟಿವಿನ ಈ ಗೋಡೆಗೆ ತಂದಿಟ್ಟೆ. ಸದ್ದು ಸಾಲದೇ ಇದ್ರೆ ಬಡೀತಾಳೆ. ನಾನು ಜಾಸ್ತಿ ಮಾಡ್ತೀನಿ."

"ಇದನ್ನೆಲ್ಲ ಮಾತಾಡಿಕೊಂಡ್ರಾ?"

"ನಾನ್ಯಾಕೆ ಮಾತಾಡಿಸ್ಲಿ? ನಾವಿಬ್ಬರೂ ಮಾತು ಬಿಟ್ಟು ಯಾವ ಕಾಲ ಆಯ್ತು!"

"ಯಾಕತ್ತೆ?"

"ಮೆಟ್ಟಿಲ ಹತ್ರದ ಬಲ್ಬು. ಅದು ಹೋಯ್ತು. ನೀನು ಹಾಕ್ಸು ಅಂದ್ಲು. ಹೋದ ಸಲ ನಾನೇ ಹಾಕ್ಸಿದ್ದು, ಈ ಸಲ ನೀನು ಹಾಕ್ಸು ಅಂದೆ. ಮಾತಿಗೆ ಮಾತು ಬೆಳೀತು."

"ಕೊನೆಗೆ ಯಾರು ಹಾಕ್ಸಿದ್ರು?"

"ಯಾರೂ ಇಲ್ಲ. ದಿನಾ ಕತ್ತಲಲ್ಲೇ ಹತ್ತಿ ಬರ್ತೀಯಲ್ಲ, ನಿನಗೆ ಗೊತ್ತಾಗಿಲ್ವಾ?"

ಸೊಸೆ ಆ ರಾತ್ರಿ ಕಿಟಕಿಯ ಗಾಜಿನ ಮುಂದೆ ಬಹಳ ಹೊತ್ತು ನಿಂತಳು. ದೀಪ, ಫ್ಯಾನು, ಇಂಟರ್ನೆಟ್ ಡಬ್ಬಿ, ಫೋನು ಇಷ್ಟಕ್ಕಾದರೆ ಅಂಗಡಿಯ ಚಿಕ್ಕ ಪೆಟ್ಟಿಗೆ ಸಾಕು. ಮೂರು ಗಂಟೆ ಓಡುವ ಟಿವಿಯನ್ನೂ ಸೇರಿಸಿದರೆ ಸೊಂಟದೆತ್ತರದ್ದೇ ಬೇಕು. ಮನೆಯಲ್ಲಿ ಅದನ್ನು ನೋಡುವವರು ಯಾರೂ ಇಲ್ಲ. ಗೋಡೆಯಾಚೆ ಕೇಳುವವರು ಒಬ್ಬರು. ಕೇಳುವುದಕ್ಕೆ ಎಷ್ಟು ವ್ಯಾಟ್ ಬೇಕು? ಈ ಪ್ರಶ್ನೆ ಇತ್ಯರ್ಥವಾಗುವ ಮುಂಚೆಯೇ ತಿಂಗಳು ಹುಟ್ಟಿಬಿಟ್ಟಿತು. ಬ್ಯಾಟರಿ ಅಂಗಡಿಯಲ್ಲೇ ಉಳಿಯಿತು.

ಮೊದಲ ಸಂಜೆ ಆರಕ್ಕೆ ಸರಿಯಾಗಿ ಎಲ್ಲವೂ ನಿಂತವು. ಫ್ರಿಜ್ಜು ಒಮ್ಮೆ ನಡುಗಿ ಸುಮ್ಮನಾಯಿತು. ಇಂಟರ್ನೆಟ್ ಡಬ್ಬಿಯ ಹಸಿರು ಚುಕ್ಕಿ ಹೋಯಿತು. ಬೀದಿಯ ಆಚೆ ಯಾರೋ ಮಗುವನ್ನು ಸಮಾಧಾನ ಮಾಡುತ್ತಿದ್ದದ್ದು ಪಕ್ಕದಲ್ಲೇ ಎಂಬಂತೆ ಕೇಳಿಸಿತು. ಟಿವಿಯ ಅಷ್ಟೆಲ್ಲ ಗದ್ದಲದಲ್ಲಿ ದಿನಾ ಗೊರಕೆ ಹೊಡೆಯುತ್ತಿದ್ದ ಬೇಕರಿಯವನು ಧಡಕ್ಕನೆ ಎದ್ದು ಬಂದ.

"ಏನಾಯ್ತು? ಯಾಕಿಷ್ಟು ನಿಶ್ಶಬ್ದ?"

"ಏನಿಲ್ಲ ರೀ, ಕರೆಂಟು. ಹೋಗಿ ಮಲಕ್ಕೊಳ್ಳಿ."

ಆಗಲೇ ಗೋಡೆಯ ಮೇಲೆ ಸದ್ದಾಯಿತು. ಎಂದಿನ ಹಾಗೆ ಜೋರಾಗಿ ಅಲ್ಲ, ಬೆರಳಗಂಟಿನಿಂದ ಮೆಲ್ಲಗೆ ಒಂದೇ ಸಲ. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಸಲ.

ಅತ್ತೆಗೆ ಕೂರಲಾಗಲಿಲ್ಲ. "ಟಿವಿ ಎಲ್ಲಿ ಅಂತ ಕೇಳ್ತಿದ್ದಾಳೆ. ಕರೆಂಟಿಲ್ಲ ಅಂತ ಬಡಿದು ಹೇಳೋದು ಹೇಗೆ?"

"ನಾನೇ ಹೋಗಿ ಬಾಯಲ್ಲಿ ಹೇಳಿ ಬರ್ತೀನಿ," ಎಂದು ಸೊಸೆ ಟಾರ್ಚು ಹಿಡಿದು ಹೊರಟಳು.

ಟೆಲಿಫೋನ್ ಅಮ್ಮ ಬಾಗಿಲು ತೆಗೆದವರೇ, "ನೀನು ಸೊಸೆ. ಒಂಬತ್ತಕ್ಕೆ ಮೆಟ್ಟಿಲು ಹತ್ತೋಳು, ಬಲಗಾಲಿನ ಚಪ್ಪಲಿ ಸ್ವಲ್ಪ ಎಳೀತೀಯ," ಎಂದರು. ಬೆಳ್ಳಗಿನ ಗಿಡ್ಡ ಕೂದಲು, ನೆಟ್ಟಗಿನ ಬೆನ್ನು. ಮನೆಯೊಳಗೆ ಕತ್ತಲು ತುಂಬುತ್ತಿತ್ತು, ಅವರಿಗೆ ಅದರ ಗೊಡವೆಯಿರಲಿಲ್ಲ. "ನಿಮ್ಮತ್ತೆಗೆ ಏನಾಗಿದೆ?"

"ಏನೂ ಆಗಿಲ್ಲಮ್ಮ. ಚೆನ್ನಾಗಿದ್ದಾರೆ. ಇವತ್ತಿಂದ ಸಂಜೆ ಕರೆಂಟಿರಲ್ಲ, ಅದಕ್ಕೇ ಟಿವಿ ಇಲ್ಲ."

"ಹೌದಾ? ಚೀಟಿ ಗೀಟಿ ಅಂಟಿಸಿದ್ರೆ ನನಗೆಲ್ಲಿ ಗೊತ್ತಾಗುತ್ತೆ! ದೀಪ, ಫ್ಯಾನು ಹಾಕೋ ಅಭ್ಯಾಸಾನೂ ನನಗಿಲ್ಲ." ಅವರು ಉಸಿರು ಬಿಟ್ಟರು. "ಇಷ್ಟು ವರ್ಷದಲ್ಲಿ ಒಂದು ಸಂಜೇನೂ ಆ ಮನೆ ಸುಮ್ಮನಿದ್ದಿಲ್ಲ. ಬಿದ್ದುಗಿದ್ದು ಹೋದ್ಲೋ ಏನೋ ಅಂತ ಜೀವ ಹಾರಿಹೋಯ್ತು. ಮೊದಲೇ ಪಾಪ, ಕಿವಿ ಕೇಳಲ್ಲ."

"ಯಾರಿಗೆ ಕಿವಿ ಕೇಳಲ್ಲ?"

"ನಿಮ್ಮತ್ತೆಗೆ. ಇಲ್ದಿದ್ರೆ ಯಾರಾದ್ರೂ ಟಿವಿನ ಅಷ್ಟು ಜೋರಾಗಿ ಇಡ್ತಾರಾ? ನನ್ನ ಕಿವಿ ನೋಡಿದ್ರೆ ಎಕ್ಸ್‌ಚೇಂಜಿನ ಕಿವಿ, ಸೂಜಿ ಬಿದ್ರೂ ಕೇಳುತ್ತೆ. ತಡೆಯೋಕಾಗ್ದೆ ಗೋಡೆ ಬಡೀತಿದ್ದೆ, ಸ್ವಲ್ಪ ಕಡಿಮೆ ಮಾಡೇ ಅಂತ. ಬಡಿದಷ್ಟೂ ಜಾಸ್ತಿ ಮಾಡೋಳು! ಮೊದಮೊದಲು ಬೇಕಂತಲೇ ಮಾಡ್ತಾಳೆ ಅಂತ ಮೈ ಉರೀತಿತ್ತು. ಆಮೇಲೆ ಅನ್ನಿಸ್ತು, ಪಾಪ, ಬಡಿದದ್ದೂ ಕೇಳಿಸ್ತಿಲ್ವೇನೋ ಅಂತ."

ಸೊಸೆಗೆ ನಗು ಒತ್ತಿಕೊಂಡು ಬಂತು. ಅದನ್ನು ನುಂಗಲು ಅತ್ತ ತಿರುಗಿದಾಗ ಟಾರ್ಚಿನ ಬೆಳಕು ಮೆಟ್ಟಿಲ ಕಟ್ಟೆಯ ಮೇಲೆ ಬಿತ್ತು. ಅತ್ತೆ ಅಲ್ಲಿ ನಿಂತಿದ್ದರು. ಯಾವಾಗ ಬಂದಿದ್ದರೋ, ಎಲ್ಲ ಕೇಳಿಸಿಕೊಂಡಿದ್ದರು.

"ನನಗಾ ಕಿವಿ ಕೇಳಲ್ಲ?" ಎಂದರು ಅತ್ತೆ.

ಟೆಲಿಫೋನ್ ಅಮ್ಮ ದನಿ ಬಂದ ಕಡೆಗೆ ಮುಖ ತಿರುಗಿಸಿದರು. ಆಮೇಲೆ, "ಓಹೋ, ಕೇಳುತ್ತೆ ಹಾಗಾದ್ರೆ," ಎಂದರು.

"ನಿನಗೋಸ್ಕರ ಕಣೇ ನಾನು ಇಡ್ತಿದ್ದದ್ದು! ಟಿವಿ ಮಾರಿಕೊಂಡು ಕೂತಿದ್ದಾಳಲ್ಲ ಅಂತ!"

"ನಾನು ಕೇಳಿದ್ನಾ?"

"ಬೇಡ ಅಂತ ಬಾಯಿಬಿಟ್ಟು ಒಂದು ಮಾತು ಹೇಳೋಕೇನಾಗಿತ್ತು?"

"ಮಾತು ಬಿಟ್ಟೋಳು ನೀನಲ್ವೇನೇ?"

"ನಾನಾ? ಬಲ್ಬಿನ ವಿಷಯಕ್ಕೆ ಬಾಗಿಲು ಧಡಾರಂತ ಹಾಕಿಕೊಂಡೋರು ಯಾರು?"

ಹೀಗೆ ಶುರುವಾದ ಜಗಳ ಚೆನ್ನಾಗಿಯೇ ನಡೆಯಿತು. ಇಬ್ಬರಿಗೂ ಹಳೆಯ ಮಾತುಗಳೆಲ್ಲ ಅಕ್ಷರ ಬಿಡದಂತೆ ನೆನಪಿದ್ದವು. ಮೇಲಿನ ಮನೆಯ ಬಾಗಿಲು ತೆರೆದುಕೊಂಡು, ಸದ್ಯ ಬಡಿದಾಟವಿಲ್ಲ ಎಂದು ಖಾತ್ರಿಯಾಗಿ ಮತ್ತೆ ಮುಚ್ಚಿಕೊಂಡಿತು. ಸೊಸೆ ನಡುವೆ ಬಾಯಿ ಹಾಕಲಿಲ್ಲ. ಅತ್ತೆಯ ದನಿ ಇಷ್ಟು ಹುರುಪಾಗಿ ಏರಿಳಿದದ್ದನ್ನು ಆಕೆ ಈ ಒಂದು ವರ್ಷದಲ್ಲಿ ಕೇಳಿಯೇ ಇರಲಿಲ್ಲ.

ಇಬ್ಬರಿಗೂ ಉಸಿರು ಸಾಲದಾದಾಗ ಟೆಲಿಫೋನ್ ಅಮ್ಮ ಬಾಗಿಲ ಚೌಕಟ್ಟಿಗೆ ಒರಗಿಕೊಂಡರು. "ಅದೆಲ್ಲ ಹಾಳಾಗಿ ಹೋಗ್ಲಿ. ಆ ಧಾರಾವಾಹಿ ಡಾಕ್ಟ್ರಿಗೆ ಅವನ ತಾಯಿ ಯಾರು ಅಂತ ಇವತ್ತು ಗೊತ್ತಾಗೋದಿತ್ತಲ್ವೇನೇ?"

ಅತ್ತೆ ತಟ್ಟನೆ, "ಇವತ್ತೆಲ್ಲಿ? ನಾಳೆ," ಎಂದರು. ಅರ್ಧ ಗಂಟೆ ಸುದ್ದಿ ಬಿಟ್ಟು ಬೇರೇನೂ ನೋಡದ ಅತ್ತೆ ಬಾಲ್ಕನಿಯಲ್ಲಿ ಕೂತು ಕಥೆಯನ್ನೆಲ್ಲ ಕೇಳುತ್ತಿದ್ದರೆಂದು ಸೊಸೆಗೆ ಆಗ ತಿಳಿಯಿತು.

"ಕೇಳಿ ಕೇಳಿ ನನಗೂ ಅಂಟಿಕೊಂಡುಬಿಡ್ತು," ಎಂದರು ಟೆಲಿಫೋನ್ ಅಮ್ಮ. "ಆ ಡಾಕ್ಟ್ರೂ ಅವರ ಮನೆ ಡ್ರೈವರೂ ಒಬ್ಬನೇ ಅಂತ ನಿನಗೆ ಗೊತ್ತಾಯ್ತಾ?"

"ಒಬ್ಬನೇ? ಇಬ್ಬರ ಮುಖ ಬೇರೆ ಬೇರೆ!"

"ಡಬ್ ಮಾಡಿದ ಧಾರಾವಾಹಿ ಕಣೇ. ಮುಖ ಯಾರದೋ, ಗಂಟಲು ಒಬ್ಬನದ್ದೇ. ದನಿ ದಪ್ಪ ಮಾಡ್ತಾನೆ, ಸಣ್ಣ ಮಾಡ್ತಾನೆ. ಮಾತಿನ ಕೊನೇಲಿ ಉಸಿರು ಎಳ್ಕೊಳ್ಳೋದು ಮಾತ್ರ ಎರಡರಲ್ಲೂ ಒಂದೇ."

"ಉಸಿರಿನಿಂದ ಅದು ಹೇಗಮ್ಮ ಗೊತ್ತಾಗುತ್ತೆ?" ಎಂದು ಸೊಸೆ ಕೇಳಿದಳು. ಟೆಲಿಫೋನ್ ಅಮ್ಮ, "ಒಳಗೆ ಬಾ, ಹೇಳ್ತೀನಿ," ಎಂದರು. ಕರೆಂಟು ಬರುವವರೆಗೂ ಮೂವರೂ ಆ ಕತ್ತಲ ಕೋಣೆಯಲ್ಲಿ ಕೂತಿದ್ದರು.

ಮಾರನೆಯ ಮಧ್ಯಾಹ್ನ ಸೊಸೆ ಟಿವಿಯ ಒಳಗಿನ ಆಯ್ಕೆಗಳನ್ನೆಲ್ಲ ಒಂದೊಂದಾಗಿ ತೆರೆದು ನೋಡಿದಳು. ಎಲ್ಲಕ್ಕಿಂತ ಕೆಳಗೆ ಅವಿತುಕೊಂಡಿತ್ತು: ಚಿತ್ರ ಆರಿಸಿ, ಸದ್ದು ಮಾತ್ರ ಇಡಿ. ಒತ್ತಿದಳು. ಪರದೆ ಕಪ್ಪಾಯಿತು, ಮಾತು ನಿಲ್ಲಲಿಲ್ಲ. ಮೀಟರಿನ ಅಂಕಿ ಜಾರಿ ಜಾರಿ ಮೊದಲಿದ್ದದ್ದರ ಐದರಲ್ಲಿ ಒಂದು ಪಾಲಿಗೆ ಬಂದು ನಿಂತಿತು. ಆಕೆ ಒಬ್ಬಳೇ ಚಪ್ಪಾಳೆ ತಟ್ಟಿದಳು. ಇಷ್ಟು ದಿನ ಅಷ್ಟೆಲ್ಲ ಕರೆಂಟು ಖಾಲಿ ಕುರ್ಚಿಗಳಿಗೆ ಚಿತ್ರ ತೋರಿಸುವುದಕ್ಕೆ ಹೋಗುತ್ತಿತ್ತು!

ಚಿಕ್ಕ ಪೆಟ್ಟಿಗೆಯೇ ಸಾಕೆಂದು ಆಕೆ ಅಂಗಡಿಯಲ್ಲಿ ಹೇಳಿದಾಗ ಅಂಗಡಿಯವನು ಕಿಟಕಿಯ ಗಾಜಿನ ಫೋಟೋ ನೋಡಿ, ತಾನೂ ಒಮ್ಮೆ ಕೂಡಿ ಗುಣಿಸಿ, ತಳದಲ್ಲಿ ಉಳಿಸಬೇಕಾದದ್ದನ್ನೂ ಸೇರಿಸಿ ತಲೆಯಾಡಿಸಿದ. "ಸರಿಯಾಗಿದೆ. ಮೀಟರು ಕೊಟ್ಟು ನನ್ನ ವ್ಯಾಪಾರ ನಾನೇ ಕೆಡಿಸಿಕೊಂಡೆ," ಎಂದು ನಕ್ಕ. ಮರುದಿನ ತಾನೇ ಬಂದು ಜೋಡಿಸಿಕೊಟ್ಟು ಹೋದ.

ಆ ಸಂಜೆಯಿಂದ ಟೆಲಿಫೋನ್ ಅಮ್ಮ ಆರು ಹೊಡೆಯುವ ಮುಂಚೆ ಒತ್ತಿದ್ದನ್ನೆಲ್ಲ ಓದಿ ಹೇಳುವ ತಮ್ಮ ಫೋನನ್ನು ಚಾರ್ಜಿಗೆ ಹಾಕುವ ನೆಪ ಹಿಡಿದು ಈಚೆ ಬರತೊಡಗಿದರು. ಒಂದು ದೀಪ, ಕಪ್ಪು ಪರದೆ, ಎದುರು ಇಬ್ಬರು. ಮೊದಲ ದಿನ ಅತ್ತೆ, "ಏನೂ ಕಾಣದೇ ಇರೋದನ್ನ ಏನಂತ ನೋಡೋದು?" ಎಂದು ಮುಖ ಸಿಂಡರಿಸಿದರು. ವಾರ ಕಳೆಯುವುದರೊಳಗೆ, ಬಾಗಿಲು ತೆಗೆದ ಸದ್ದು ಬಂದರೆ ಬಂದವರು ಯಾರು ಎಂದು ಪಂದ್ಯ ಕಟ್ಟುವಷ್ಟಾದರು. ಹೆಚ್ಚಿನ ಸಲ ಸೋಲುತ್ತಿದ್ದರು. ಸದ್ದು ಎಷ್ಟಿರಬೇಕೆಂದು ದಿನಾ ಒಂದು ಸಣ್ಣ ಜಗಳ ಇದ್ದೇ ಇರುತ್ತಿತ್ತು. ಒಳಕೋಣೆಯಲ್ಲಿ ಬೇಕರಿಯವನು ಫ್ಯಾನಿನ ಗಾಳಿಗೆ ಗೊರಕೆ ಹೊಡೆಯುತ್ತಿದ್ದ. ಹತ್ತು ಗಂಟೆಗೆ ಕರೆಂಟು ಬಂದಾಗ ಬ್ಯಾಟರಿಯಲ್ಲಿ ಇನ್ನೂ ಕಾಲುಭಾಗ ಉಳಿದಿರುತ್ತಿತ್ತು. ಸೊಸೆ ಕೆಲಸದಿಂದ ಬಂದ ತಕ್ಷಣ ಚೀಲವನ್ನೂ ಇಳಿಸದೆ ಹೋಗಿ ಬ್ಯಾಟರಿಯ ಅಂಕಿ ನೋಡುತ್ತಿದ್ದಳು. ಸೆಕೆ ಹೆಚ್ಚಾದ ದಿನ ಫ್ಯಾನು ಜೋರಾಗಿ ತಿರುಗಿ ಅದು ತುಸು ಕಡಿಮೆಯಾದರೂ ಕಾರಣ ಹುಡುಕದೆ ಬಿಡುತ್ತಿರಲಿಲ್ಲ.

ಹೊಸ ಯಂತ್ರ ಬಂದು ಕೂರುವ ಹೊತ್ತಿಗೆ ಬೇಸಿಗೆ ಕಳೆದಿತ್ತು. ಸಂಜೆ ಕರೆಂಟು ಹೋಗದೆ ಉಳಿದ ಮೊದಲ ದಿನ ಸೊಸೆಗೆ ರಜೆ. ಆಕೆ ಹೋಗಿ ಟಿವಿಯ ಚಿತ್ರ ಹಚ್ಚಿದಳು. ಕೋಣೆಯೆಲ್ಲ ಬಣ್ಣ ಬಣ್ಣವಾಯಿತು. ಡಾಕ್ಟರನ ಕಳೆದುಹೋಗಿದ್ದ ತಾಯಿ, ಚಿತ್ರ ಆರಿಸಿದ ಮೇಲೆ ಕಥೆಯೊಳಗೆ ಬಂದವಳು, ಒಂದು ಮೆಟ್ಟಿಲಿನ ಮೇಲೆ ನಿಂತು ಮಾತಾಡುತ್ತಿದ್ದಳು.

ಅತ್ತೆ ಮುಂದಕ್ಕೆ ಬಗ್ಗಿ ಕಣ್ಣು ಕಿರಿದು ಮಾಡಿ ನೋಡಿದರು. "ಇವಳಾ?"

"ಯಾಕೆ, ಹೇಗಿದ್ದಾಳೆ?" ಎಂದರು ಟೆಲಿಫೋನ್ ಅಮ್ಮ.

"ತೆಳ್ಳಗಿದ್ದಾಳೆ ಕಣೇ. ಚೂಪು ಮೂಗು. ಕಿವೀಲಿ ಏನೋ ಹೊಳೀತಿದೆ. ನಾನು ಹೀಗಿರ್ತಾಳೆ ಅಂದ್ಕೊಂಡಿರಲಿಲ್ಲ."

"ಮತ್ತೆ ನಿನ್ನೋಳು ಹೇಗಿದ್ಲು?"

ಅತ್ತೆ ಪರದೆಯಿಂದ ಕಣ್ಣು ತೆಗೆದರು. "ನನ್ನೋಳು ದಪ್ಪಗಿದ್ಲು. ಕೆನ್ನೆ ತುಂಬ್ಕೊಂಡಿತ್ತು. ನಗುವಾಗ ಬಾಯಿಗೆ ಕೈ ಅಡ್ಡ ಹಿಡೀತಿದ್ಲು..."

"ಎತ್ತರ?"

"ಎತ್ತರ ಅಂದ್ರೆ... ತಡಿ, ಹೇಳ್ತೀನಿ. ನಿನ್ನೋಳು ಎಷ್ಟು ಎತ್ತರ ಇದ್ಲು, ಮೊದಲು ನೀನು ಹೇಳು."

ಪರದೆಯ ಮೇಲೆ ತೆಳ್ಳಗಿನ ಹೆಂಗಸು ಏನೋ ದೊಡ್ಡ ಗುಟ್ಟು ಹೊರಗೆ ಹಾಕುತ್ತಿದ್ದಳು. ಇಬ್ಬರೂ ಅದನ್ನು ಕೇಳುತ್ತಿರಲಿಲ್ಲ. ಸೊಸೆ ಸದ್ದನ್ನು ಮೆಲ್ಲಗೆ ತಗ್ಗಿಸಿ, ಅತ್ತೆಯ ಕುರ್ಚಿಯ ಕೈ ಮೇಲೆ ಕೂತು, ಟೆಲಿಫೋನ್ ಅಮ್ಮ ಏನು ಹೇಳುತ್ತಾರೆ ಎಂದು ಕಿವಿಗೊಟ್ಟಳು.